ಹಿರಿಯರಿಗೂ ಕಡಲತಡಿಯಲ್ಲಿ ಜಾಗ ಬೇಕು: ಗರಿಫುನಾ ಜನರ ಬದುಕು ಮತ್ತು ನಂಬಿಕೆ

ಪ್ರಶ್ನೆ: ನಮ್ಮ ಚರ್ಚಿನ ಯುವಕರ ಕೂಟದಲ್ಲಿ ಮಧ್ಯ ಅಮೆರಿಕದ ಗರಿಫುನಾ ಎಂಬ ಜನರ ವಿಡಿಯೋ ತೋರಿಸಿದರು. ನೋಡಲು ಆಫ್ರಿಕದವರಂತೆ ಇದ್ದಾರೆ, ಆದರೆ ಮಾತು ಅಲ್ಲಿನ ಮೂಲನಿವಾಸಿಗಳದ್ದಂತೆ. ಕ್ಯಾಥೊಲಿಕರು ಅಂದರು, ಆದರೆ ಸತ್ತವರನ್ನು ಕರೆದು ಊಟ ಬಡಿಸುತ್ತಾರಂತೆ. ಇವರು ನಮ್ಮ ಯಲ್ಲಾಪುರದ ಸಿದ್ದಿಗಳ ಥರಾನಾ? ಇವರ ನಿಜವಾದ ಧರ್ಮ ಯಾವುದು? ನಾವು ಏನಾದರೂ ನೆರವು ಕಳಿಸಬೇಕು ಅಂದುಕೊಂಡಿದ್ದೇವೆ. ಅವರಿಗೆ ಏನು ಬೇಕು?
— ಒಬ್ಬ ಓದುಗರು, ಶಿರಸಿ

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಗರಿಫುನಾ ಜನರಿಗೆ ಇವತ್ತು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಅವರದೇ ನೆಲ. ಕಡಲತಡಿಯ ಊರು, ಅದರ ಹಿಂದಿನ ಮರಗೆಣಸಿನ ಹೊಲ, ಎದುರಿನ ಮೀನಿನ ನೀರು. ಅವರ ನಂಬಿಕೆ, ಊಟ, ಮಾತು ಮೂರೂ ಅದಕ್ಕೇ ಅಂಟಿಕೊಂಡಿವೆ. ಹಾಗಾಗಿ ಧರ್ಮ ಬೇರೆ, ಅಗತ್ಯ ಬೇರೆ ಎಂದು ವಿಂಗಡಿಸಿ ಹೇಳಿದರೆ ಇವರು ಅರ್ಥವಾಗುವುದಿಲ್ಲ. ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ.

ಕೆರಿಬಿಯನ್ ಕಡಲಿನ ಪೂರ್ವದ ಅಂಚಿನಲ್ಲಿ ಸೇಂಟ್ ವಿನ್ಸೆಂಟ್ ಎಂಬ ಪುಟ್ಟ ದ್ವೀಪ ಇದೆ. ಜ್ವಾಲಾಮುಖಿಯ ಬೆಟ್ಟ, ಕಡಿದಾದ ಕಣಿವೆ, ದಟ್ಟ ಕಾಡು. ಗರಿಫುನಾಗಳು ಅದನ್ನು ಯುರುಮೆಯ್ನ್ ಅನ್ನುತ್ತಾರೆ. 17ನೇ ಶತಮಾನದಲ್ಲಿ ಅಲ್ಲಿದ್ದವರು ಕಲಿನಾಗೊ ಎಂಬ ಮೂಲನಿವಾಸಿಗಳು, ಯುರೋಪಿನವರು ಕರಿಬ್ ಎಂದು ಕರೆದವರು. ಆಫ್ರಿಕದಿಂದ ಗುಲಾಮರನ್ನು ಹೊತ್ತು ತರುತ್ತಿದ್ದ ಹಡಗುಗಳು ಆ ಸುತ್ತಿನಲ್ಲಿ ಒಡೆದವು. ಬದುಕಿ ಉಳಿದವರು ಈಜಿ ದಡ ಸೇರಿದರು. ಇನ್ನು ಬಾರ್ಬಡೋಸ್ ದ್ವೀಪ ಅಲ್ಲಿಂದ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್. ಅಲ್ಲಿನ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಸಿಕ್ಕಿದ ದೋಣಿ ಹತ್ತಿದರೆ ಗಾಳಿಯೇ ಅವರನ್ನು ಪಶ್ಚಿಮಕ್ಕೆ ತಂದು ಸೇಂಟ್ ವಿನ್ಸೆಂಟಿಗೆ ಮುಟ್ಟಿಸುತ್ತಿತ್ತು. ಕಲಿನಾಗೊಗಳ ಜೊತೆ ಇವರ ಮದುವೆ, ಜಗಳ, ಸಂಬಂಧ ಎಲ್ಲವೂ ನಡೆಯಿತು. ಎರಡು ಮೂರು ತಲೆಮಾರು ಕಳೆಯುವ ಹೊತ್ತಿಗೆ ಒಂದು ಹೊಸ ಜನಾಂಗವೇ ತಯಾರಾಗಿತ್ತು. ಮೈಬಣ್ಣ, ರಕ್ತ ಬಹುಪಾಲು ಆಫ್ರಿಕದ್ದು. ಮಾತು, ಬೇಸಾಯ, ಮೀನು ಹಿಡಿಯುವ ಬಗೆ, ಅಡುಗೆ ದ್ವೀಪದವರದು.

ಸಿದ್ದಿಗಳ ಥರಾನಾ ಅಂತ ಕೇಳಿದ್ದೀರಿ. ಆಫ್ರಿಕದ ಮೂಲ, ದೂರದ ನಾಡಿನಲ್ಲಿ ಬೇರು ಬಿಟ್ಟದ್ದು, ಡೋಲು, ಹಿರಿಯರ ಪೂಜೆ — ಇಷ್ಟರಮಟ್ಟಿಗೆ ಹೌದು. ಸಿದ್ದಿಗಳೂ ಆಫ್ರಿಕದ ಭಾಷೆಯನ್ನು ಉಳಿಸಿಕೊಳ್ಳಲಿಲ್ಲ, ಗರಿಫುನಾಗಳೂ ಉಳಿಸಿಕೊಳ್ಳಲಿಲ್ಲ. ಇಬ್ಬರೂ ಸೇರಿದ ಊರಿನ ಮಾತನ್ನೇ ತಮ್ಮದು ಮಾಡಿಕೊಂಡರು. ಆದರೆ ಸೇಂಟ್ ವಿನ್ಸೆಂಟಿನಲ್ಲಿ ಇವರ ಮೇಲೆ ಯಜಮಾನರು ಯಾರೂ ಇರಲಿಲ್ಲ. ಆಳಾಗಿ ಅಲ್ಲ, ಸ್ವತಂತ್ರ ಜನವಾಗಿ ಬೆಳೆದರು. 'ನಮ್ಮನ್ನು ಯಾರೂ ಗುಲಾಮರಾಗಿ ಇಟ್ಟುಕೊಳ್ಳಲಿಲ್ಲ' ಎಂಬ ಹೆಮ್ಮೆ ಇವತ್ತಿಗೂ ಪ್ರತಿ ಗರಿಫುನಾ ಮನೆಯಲ್ಲಿ ಇದೆ. ಅದನ್ನು ಬಿಟ್ಟು ಇವರನ್ನು ಓದಿದರೆ ಮುಂದಿನ ಯುದ್ಧಗಳೂ ಅರ್ಥವಾಗುವುದಿಲ್ಲ, ಈಗಿನ ಹಟವೂ ಅರ್ಥವಾಗುವುದಿಲ್ಲ.

1763ರ ಪ್ಯಾರಿಸ್ ಒಪ್ಪಂದದಲ್ಲಿ ಸೇಂಟ್ ವಿನ್ಸೆಂಟ್ ಬ್ರಿಟಿಷರ ಪಾಲಾಯಿತು. ದ್ವೀಪದ ಒಳ್ಳೆಯ ನೆಲ ಬಹುಪಾಲು ಗರಿಫುನಾಗಳ ಕೈಯಲ್ಲಿತ್ತು, ಬ್ರಿಟಿಷರಿಗೆ ಅಲ್ಲಿ ಕಬ್ಬು ಬೆಳೆಯಬೇಕಿತ್ತು. ಒಂದು ಯುದ್ಧ ನಡೆದು 1773ರಲ್ಲಿ ಒಪ್ಪಂದ ಆಯಿತು. ಅದು ಉಳಿಯಲಿಲ್ಲ. 1795ರಲ್ಲಿ ಮತ್ತೆ ಯುದ್ಧ. ಗರಿಫುನಾಗಳ ನಾಯಕ ಸಾತುಯೆ. ಇಂಗ್ಲಿಷರ ದಾಖಲೆಗಳಲ್ಲಿ ಇವನೇ ಜೋಸೆಫ್ ಚಟೋಯರ್. ಆ ವರ್ಷ ಮಾರ್ಚ್ 14ರಂದು ಅವನು ಸತ್ತ. ಮರುವರ್ಷ ಪ್ರತಿರೋಧ ಮುರಿಯಿತು. ಸೇಂಟ್ ವಿನ್ಸೆಂಟ್ ದೇಶ 2002ರಲ್ಲಿ ಅವನನ್ನು ರಾಷ್ಟ್ರವೀರ ಎಂದು ಘೋಷಿಸಿದೆ, ಮಾರ್ಚ್ 14 ಅಲ್ಲಿ ಈಗ ರಜಾದಿನ.

ಸೋತವರನ್ನು ಬ್ರಿಟಿಷರು ಹಿಡಿದು ಬಲಿಸೋ ಎಂಬ ಸಣ್ಣ ದ್ವೀಪಕ್ಕೆ ಸಾಗಿಸಿದರು. ಹೆಂಗಸರು, ಮಕ್ಕಳು, ಮುದುಕರು ಸೇರಿ 4000ಕ್ಕೂ ಹೆಚ್ಚು ಜನ. ಅಲ್ಲಿ ಕುಡಿಯಲು ಸರಿಯಾದ ನೀರಿಲ್ಲ, ಜನರ ಮೇಲೆ ಜನ, ಜ್ವರ. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಜನ ಸತ್ತರು. ಉಳಿದವರನ್ನು ಹಡಗಿಗೆ ತುಂಬಿ 1797ರ ಏಪ್ರಿಲ್ 12ರಂದು ಹೊಂಡುರಾಸ್ ಕರಾವಳಿಯ ರೊಆಟಾನ್ ದ್ವೀಪದಲ್ಲಿ ಇಳಿಸಿದರು. ಇಳಿದವರು ಸುಮಾರು 2000. ಇವತ್ತು ಹೊಂಡುರಾಸ್, ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾ ಕರಾವಳಿಯಲ್ಲಿರುವ ಗರಿಫುನಾಗಳು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನೆಲೆಸಿರುವವರು, ಬಹುಮಟ್ಟಿಗೆ ಈ 2000 ಜನರ ಸಂತಾನ. ಬಲಿಸೋ ದ್ವೀಪ ಇತ್ತೀಚಿನವರೆಗೂ ಖಾಸಗಿಯವರ ಆಸ್ತಿಯಾಗಿತ್ತು. 2025ರಲ್ಲಿ ಸೇಂಟ್ ವಿನ್ಸೆಂಟ್ ಸರ್ಕಾರ ಅದನ್ನು ಸ್ಮಾರಕವಾಗಿ ಉಳಿಸಲು ವಶಕ್ಕೆ ತೆಗೆದುಕೊಂಡಿತು. ಹಿರಿಯರನ್ನು ಕಳೆದುಕೊಂಡ ನೆಲ ಅದು ಎಂಬ ನೋವು ಇಷ್ಟು ವರ್ಷ ಜೀವಂತ ಇತ್ತು.

ರೊಆಟಾನಿನಿಂದ ಅವರು ಬೇಗನೇ ಎದುರಿನ ಹೊಂಡುರಾಸ್ ಕರಾವಳಿಯ ಟ್ರುಹಿಯೊ ಊರಿಗೆ ದಾಟಿದರು. ಅಲ್ಲಿಂದ ಕರಾವಳಿಯುದ್ದಕ್ಕೂ ಹರಡಿದರು. ಬೆಲೀಜಿಗೆ ದೊಡ್ಡ ಗುಂಪು ಬಂದದ್ದು 1832ರಲ್ಲಿ ಎನ್ನುತ್ತಾರೆ. ಪ್ರತಿ ನವೆಂಬರ್ 19ರಂದು ಡಾಂಗ್ರಿಗಾ, ಹಾಪ್ಕಿನ್ಸ್ ಮುಂತಾದ ಊರುಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ಕಡಲಿನಿಂದ ಬರುತ್ತವೆ. ದೋಣಿಯಲ್ಲಿ ತಾಳೆಗರಿ, ಮರಗೆಣಸಿನ ಕಡ್ಡಿಗಳ ಕಟ್ಟು, ಡೋಲು, ಅಡುಗೆ ಪಾತ್ರೆ. ಹಿಂದಿನವರು ಹೇಗೆ ಬಂದರೋ ಹಾಗೇ ಬಂದು ದಡಕ್ಕೆ ಇಳಿಯುತ್ತಾರೆ, ಹಾಡುತ್ತಾ ನೇರ ಚರ್ಚಿಗೆ ಪೂಜೆಗೆ ಹೋಗುತ್ತಾರೆ. ಈ ಹಬ್ಬವನ್ನು 1941ರಲ್ಲಿ ಶುರುಮಾಡಿದವರು ಥಾಮಸ್ ವಿನ್ಸೆಂಟ್ ರಾಮೋಸ್ ಎಂಬ ಶಿಕ್ಷಕರು. 1977ರಿಂದ ಇಡೀ ಬೆಲೀಜಿಗೆ ಅಂದು ರಜೆ.

ಆ ದೋಣಿಗಳಲ್ಲಿ ಮರಗೆಣಸಿನ ಕಡ್ಡಿ ಯಾಕೆ? ಅವರ ಊಟವೇ ಅದು. ಮರಗೆಣಸಿನ ರೊಟ್ಟಿಗೆ ಅವರು ಎರೆಬಾ ಅನ್ನುತ್ತಾರೆ. ಇದಕ್ಕೆ ಬಳಸುವುದು ಕಹಿ ತಳಿ, ಹಸಿಯಾಗಿ ತಿಂದರೆ ವಿಷ. ಹೆಂಗಸರು ಗೆಡ್ಡೆ ಸುಲಿದು, ತೊಳೆದು, ಸಣ್ಣ ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ ಮರದ ಹಲಗೆಯ ಮೇಲೆ ತುರಿಯುತ್ತಾರೆ. ಸೊಂಟ ಬಾಗಿಸಿ, ಮೇಲೆ ಕೆಳಗೆ, ಗಂಟೆಗಟ್ಟಲೆ. ಜೊತೆಗೆ ಹಾಡು ಇರಲೇಬೇಕು. ಆ ಹಸಿ ತುರಿಯನ್ನು ರುಗುಮಾ ಎಂಬ ಆಳುದ್ದದ ಹೆಣೆದ ಚೀಲಕ್ಕೆ ತುಂಬಿ ತೊಲೆಗೆ ನೇತುಹಾಕಿ, ಕೆಳಗೆ ಭಾರ ಕಟ್ಟುತ್ತಾರೆ. ಭಾರಕ್ಕೆ ಚೀಲ ಉದ್ದವಾಗಿ ಸಣ್ಣಗಾಗುತ್ತಾ ರಸ ಹಿಂಡುತ್ತದೆ. ರಾತ್ರಿಯಿಡೀ ತೊಟ್ಟಿಕ್ಕಿ ವಿಷ ಇಳಿದುಹೋಗುತ್ತದೆ. ಬೆಳಿಗ್ಗೆ ಒಣಗಿದ ಹಿಟ್ಟನ್ನು ಜರಡಿ ಹಿಡಿದು ದೊಡ್ಡ ಕಬ್ಬಿಣದ ಹಂಚಿನ ಮೇಲೆ ಹರಡಿ ಬೇಯಿಸಿದರೆ ಅಗಲವಾದ ಗರಿಗರಿ ರೊಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಇನ್ನೊಂದು ದಿನನಿತ್ಯದ ಊಟ ಹುದುತ್. ಬಾಳೆಕಾಯಿ ಬೇಯಿಸಿ ಒರಳಿನಲ್ಲಿ ಕುಟ್ಟಿ ಮುದ್ದೆ ಮಾಡಿ, ತೆಂಗಿನಹಾಲಿನ ಮೀನು ಸಾರಿನ ಜೊತೆ ತಿನ್ನುವುದು. ನಮ್ಮ ಕರಾವಳಿಯವರು ಎರಡು ತುತ್ತಿಗೇ ಒಗ್ಗಿಕೊಳ್ಳುತ್ತಾರೆ.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಹೊಲ ಹೆಂಗಸರದು, ಕಡಲು ಗಂಡಸರದು. ಗಂಡಸರು ಮೀನಿಗೆ, ಆಮೇಲೆ ಬಾಳೆಹಣ್ಣಿನ ಕಂಪನಿಗಳಿಗೆ, ಎರಡನೇ ಮಹಾಯುದ್ಧದ ಹೊತ್ತಿಗೆ ವ್ಯಾಪಾರಿ ಹಡಗುಗಳಿಗೆ, ಕೊನೆಗೆ ನ್ಯೂಯಾರ್ಕಿಗೆ ಹೋದರು. ಊರಲ್ಲಿ ಮನೆ, ಹೊಲ, ಮಕ್ಕಳು, ಸತ್ತ ಹಿರಿಯರ ಜವಾಬ್ದಾರಿ ಎಲ್ಲ ಅಜ್ಜಿಯರ ಮೇಲೆ ಉಳಿಯಿತು. ಗರಿಫುನಾ ಸಮಾಜ ನಿಂತಿರುವುದು ಈ ಅಜ್ಜಿಯರ ಮೇಲೆ.

ಈಗ ನಂಬಿಕೆಗೆ ಬರೋಣ. ಬಹುಪಾಲು ಗರಿಫುನಾಗಳು ಕ್ಯಾಥೊಲಿಕರು, ಮತ್ತು ಅವರ ಕ್ಯಾಥೊಲಿಕ್ ಭಕ್ತಿ ತೋರಿಕೆಯದಲ್ಲ. ಬೆಲೀಜಿನಲ್ಲಿ ಚರ್ಚಿನ ಶಾಲೆಗಳಿಗೆ ಎಷ್ಟೋ ದಶಕ ಶಿಕ್ಷಕರನ್ನು ಕೊಟ್ಟವರು ಇವರು. ದೂರದ ಮಾಯಾ ಹಳ್ಳಿಗಳಿಗೆ ಹೋಗಿ ಅಕ್ಷರ, ಪ್ರಾರ್ಥನೆ ಎರಡನ್ನೂ ಕಲಿಸಿದರು. ಡಾಂಗ್ರಿಗಾದಲ್ಲಿ ಹುಟ್ಟಿದ ಓಸ್ಮಂಡ್ ಪೀಟರ್ ಮಾರ್ಟಿನ್ ಬೆಲೀಜಿನ ಮೊದಲ ಸ್ವದೇಶಿ ಬಿಷಪ್ ಆದರು. ಇದೇ ಜನ ತಮ್ಮ ಹಿರಿಯರಿಗೂ ನಡೆದುಕೊಳ್ಳುತ್ತಾರೆ. ಎರಡರ ನಡುವೆ ಅವರಿಗೆ ತಿಕ್ಕಾಟ ಕಾಣುವುದಿಲ್ಲ.

ಸಾವಿನಿಂದಲೇ ನೋಡಿ. ಯಾರಾದರೂ ತೀರಿಕೊಂಡರೆ ಒಂಬತ್ತು ದಿನ ಪ್ರಾರ್ಥನೆ, ಕೊನೆಯ ರಾತ್ರಿ ಬೆಲೂರಿಯಾ ಎಂಬ ಜಾಗರಣೆ. ಮನೆಯೊಳಗೆ ಜಪಮಾಲೆ ನಡೆಯುತ್ತದೆ, ಹೊರಗೆ ಡೋಲು, ಕಥೆ, ಇಸ್ಪೀಟು, ಪುಂಟಾ ಕುಣಿತ. ನೀವು ವಿಡಿಯೋದಲ್ಲಿ ನೋಡಿದ್ದು ಪುಂಟಾ ಆಗಿದ್ದರೆ, ಅದರ ಮೂಲ ಜಾಗ ಸಾವಿನ ಮನೆ ಎಂದು ತಿಳಿದುಕೊಳ್ಳಿ. ಸತ್ತವರನ್ನು ಸಂತೋಷವಾಗಿ ಕಳಿಸಿಕೊಡಬೇಕು ಎಂಬುದು ಲೆಕ್ಕ. ಆಮೇಲೆ ಒಂದು ಸ್ನಾನದ ವಿಧಿ ಇದೆ, ದಾರಿ ನಡೆದು ದಣಿದ ಆತ್ಮಕ್ಕೆ. ಎಷ್ಟೋ ವರ್ಷದ ಮೇಲೆ ಚುಗು ಎಂಬ ಊಟ. ಎಲ್ಲಕ್ಕಿಂತ ದೊಡ್ಡದು ದುಗು.

ಮನೆಯಲ್ಲಿ ಯಾರಿಗೋ ಕಾಯಿಲೆ, ಆಸ್ಪತ್ರೆಗೆ ಹೋದರೂ ವಾಸಿಯಾಗುತ್ತಿಲ್ಲ. ಕನಸಿನಲ್ಲಿ ಸತ್ತ ಅಜ್ಜಿ ಬಂದು ಹಸಿವು ಅನ್ನುತ್ತಾಳೆ. ಆಗ ಬುಯೆಯ್ ಬಳಿಗೆ ಹೋಗುತ್ತಾರೆ. ಬುಯೆಯ್ ಅಂದರೆ ಹಿರಿಯರ ಜೊತೆ ಮಾತಾಡಬಲ್ಲವರು, ಗಂಡಸಾಗಲಿ ಹೆಂಗಸಾಗಲಿ. ಹಿರಿಯರು ದುಗು ಕೇಳುತ್ತಿದ್ದಾರೆ ಎಂದು ಬುಯೆಯ್ ಹೇಳಿದರೆ ಒಂದು ವರ್ಷದ ತಯಾರಿ ಶುರು. ಊರಲ್ಲಿರುವವರು, ಬ್ರಾಂಕ್ಸ್, ಲಾಸ್ ಏಂಜಲೀಸಿನಲ್ಲಿ ಇರುವವರು, ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲರೂ ಬರಲೇಬೇಕು. ಬಾರದಿದ್ದರೆ ವಿಧಿ ಪೂರ್ತಿಯಾಗುವುದಿಲ್ಲ.

ಕಡಲಿಗೆ ಹತ್ತಿರ ತಾಳೆಗರಿ ಹೊದಿಸಿದ ದೊಡ್ಡ ಮನೆ ಕಟ್ಟುತ್ತಾರೆ, ಅದರ ಹೆಸರು ದಬುಯಾಬಾ. ಒಳಗೆ ಹಿರಿಯರಿಗೆಂದು ಜೋಲಿಗಳನ್ನು ಕಟ್ಟಿರುತ್ತಾರೆ. ಕೆಲವು ಗಂಡಸರು, ಹೆಂಗಸರು ಮೊದಲೇ ದೋಣಿಯಲ್ಲಿ ಹೊರಗಿನ ನಡುಗಡ್ಡೆಗಳಿಗೆ ಹೋಗಿ ಮೀನು, ಏಡಿ ಹಿಡಿಯುತ್ತಾರೆ. ಅವರು ನಸುಕಿನಲ್ಲಿ ವಾಪಸು ಬರುವಾಗ ಇಡೀ ಬಂಧುಬಳಗ ಡೋಲು ಬಾರಿಸಿಕೊಂಡು ದಡಕ್ಕೆ ಹೋಗಿ ಎದುರುಗೊಳ್ಳುತ್ತದೆ. ಅಲ್ಲಿಂದ ಹಲವು ದಿನ ಹಗಲೂ ರಾತ್ರಿ ಕುಣಿತ, ಹಾಡು. ಮೂರು ಡೋಲು, ನಡುವಿನದನ್ನು ಹೃದಯದ ಡೋಲು ಅನ್ನುತ್ತಾರೆ. ಮಾಲಿ ಎಂಬ ಹಾಡಿಗೆ ಎಲ್ಲರೂ ತಲೆ ಬಗ್ಗಿಸಿ, ನೆಲಕ್ಕೆ ಮುಖಮಾಡಿ, ಗುಂಪಾಗಿ ಹೆಜ್ಜೆ ಹಾಕುತ್ತಾರೆ. ಕೆಲವರ ಮೈಮೇಲೆ ಹಿರಿಯರು ಬರುತ್ತಾರೆ. ಬಂದವರು ಬೈಯುತ್ತಾರೆ, ಅಳುತ್ತಾರೆ, ಯಾರು ಯಾರಿಗೆ ಏನು ಕೊಡಬೇಕಿತ್ತು ಎಂದು ನೆನಪಿಸುತ್ತಾರೆ. ಮೇಜಿನ ಮೇಲೆ ಹಿರಿಯರಿಗೆ ಎಡೆ: ಎರೆಬಾ, ಮೀನು, ಕೋಳಿ, ರಮ್. ಅವರು ಉಂಡ ಮೇಲೆ ಒಂದು ಪಾಲು ಕಡಲಿಗೆ, ಒಂದು ಪಾಲು ಮಣ್ಣಿಗೆ, ಉಳಿದದ್ದು ಬದುಕಿರುವವರಿಗೆ. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡುವ ನಮಗೆ ಇದು ತೀರಾ ಅಪರಿಚಿತ ಅನ್ನಿಸಬಾರದು. ಇದರ ಜೊತೆಗೆ ಚರ್ಚಿನಲ್ಲಿ ಸತ್ತವರಿಗಾಗಿ ಪೂಜೆಯನ್ನೂ ಮಾಡಿಸುತ್ತಾರೆ. ಹಿರಿಯರು ಕ್ಯಾಥೊಲಿಕರಾಗಿಯೇ ಸತ್ತವರು, ಅವರಿಗೆ ಪೂಜೆಯೂ ಬೇಕು ಅಲ್ವಾ?

'ನಿಜವಾದ ಧರ್ಮ' ಎಂದು ಒಂದನ್ನು ಹೆಕ್ಕಿ ಕೊಡಲು ನಾನು ಒಪ್ಪುವುದಿಲ್ಲ. ಹಿಂದೆ ಪಾದ್ರಿಗಳು ದುಗುವನ್ನು ಭೂತಾರಾಧನೆ ಎಂದು ತಡೆದರು. 1960ರ ದಶಕದಲ್ಲಿ ಕ್ಯಾಥೊಲಿಕ್ ಬಿಷಪರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಸಭೆಯ ನಂತರ ಧೋರಣೆ ಬದಲಾಯಿತು, ಈಗ ಗರಿಫುನಾ ಮಾತಿನಲ್ಲಿ, ಅವರದೇ ಡೋಲಿನ ಜೊತೆ ಪೂಜೆ ನಡೆಯುತ್ತದೆ. ಹೊಸದಾಗಿ ಬಂದ ಕೆಲವು ಇವಾಂಜೆಲಿಕಲ್ ಸಭೆಗಳು ಮಾತ್ರ ದುಗು ಬಿಡಬೇಕು ಅನ್ನುತ್ತವೆ. ಒಂದೇ ಮನೆಯಲ್ಲಿ ಅಕ್ಕ ಹೊಸ ಸಭೆಗೆ ಸೇರಿ ದುಗುಗೆ ಬರುವುದಿಲ್ಲ ಅಂದರೆ ಇಡೀ ಕುಟುಂಬದ ವಿಧಿ ನಿಂತುಹೋಗುತ್ತದೆ. ನೀವು ಚರ್ಚಿನವರಾದ್ದರಿಂದ ಇದನ್ನು ನೇರವಾಗಿ ಹೇಳುತ್ತಿದ್ದೇನೆ: ಇವರಿಗೆ ಕ್ರಿಸ್ತನ ಸುದ್ದಿ ಹೊಸದಲ್ಲ. ದಯವಿಟ್ಟು ಆ ಉದ್ದೇಶದ ನೆರವು ಕಳಿಸಬೇಡಿ.

ಹಾಗಾದರೆ ಕೊರತೆ ಎಲ್ಲಿದೆ? ದುಗುಗೆ ಏನೇನು ಬೇಕು ನೋಡಿ. ಕಡಲತಡಿಯಲ್ಲಿ ದಬುಯಾಬಾ ಕಟ್ಟಲು ಜಾಗ, ಎರೆಬಾಗೆ ಹೊಲ, ಮೀನು ಹಿಡಿಯಲು ನಡುಗಡ್ಡೆ, ಹಿರಿಯರಿಗೆ ಅರ್ಥವಾಗುವ ಮಾತು, ಮನೆಯವರೆಲ್ಲ ಬಂದು ಸೇರಲು ಒಂದು ಊರು. ಒಂದೊಂದೂ ಈಗ ಕೈಜಾರುತ್ತಿದೆ.

ಹೊಂಡುರಾಸಿನಲ್ಲಿ ಗರಿಫುನಾ ಊರುಗಳು 40ಕ್ಕೂ ಹೆಚ್ಚು, ಹೆಚ್ಚುಕಡಿಮೆ ಎಲ್ಲ ಸಮುದ್ರಕ್ಕೆ ಮುಖಮಾಡಿವೆ. ಅದೇ ಮರಳು ಹೋಟೆಲು ಕಟ್ಟುವವರಿಗೂ ಬೇಕು. ಊರ ಹಿಂದಿನ ನೆಲ ತಾಳೆಎಣ್ಣೆಯ ತೋಟಗಳಿಗೆ, ದನ ಸಾಕುವವರಿಗೆ ಬೇಕು. ಮಾದಕವಸ್ತು ಸಾಗಿಸುವವರಿಗೆ ನಿರ್ಜನ ಕರಾವಳಿ ಬೇಕು. 1990ರ ದಶಕದಲ್ಲಿ ಸರ್ಕಾರ ಹಕ್ಕುಪತ್ರ ಕೊಟ್ಟಿತು, ಆದರೆ ಬಹಳ ಕಡೆ ಮನೆಗಳಿರುವ ಜಾಗಕ್ಕೆ ಮಾತ್ರ. ಹೊಲ, ಕಾಡು, ಕೆರೆ ಹೊರಗೆ ಉಳಿದವು. ಅಂದರೆ ಹೆಂಗಸರ ಪಾಲಿನ ನೆಲವೇ ಮೊದಲು ಹೋಯಿತು. ಟೆಲಾ ಕೊಲ್ಲಿಯ ಟ್ರಿಯುನ್ಫೊ ದೆ ಲಾ ಕ್ರೂಸ್ ಎಂಬ ಊರು ಕೋರ್ಟಿಗೆ ಹೋಯಿತು. 2015ರ ಅಕ್ಟೋಬರಿನಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಆ ಊರಿನ ಪರವಾಗಿ, ಅದೇ ದಿನ ಪುಂತಾ ಪಿಯೆದ್ರಾ ಊರಿನ ಪರವಾಗಿಯೂ ತೀರ್ಪು ಕೊಟ್ಟಿತು. 2023ರಲ್ಲಿ ಸಾನ್ ಹುವಾನ್ ಊರಿನ ಪರವಾಗಿ ಇನ್ನೊಂದು. ತೀರ್ಪು ಬಂದರೂ ನೆಲ ಮರಳಿ ಕೈಗೆ ಬರುವುದು ವರ್ಷಗಟ್ಟಲೆ ಎಳೆದಿದೆ. 2020ರ ಜುಲೈ 18ರ ಬೆಳಿಗ್ಗೆ ಪೊಲೀಸ್ ಸಮವಸ್ತ್ರ ತೊಟ್ಟವರು ಟ್ರಿಯುನ್ಫೊಗೆ ಬಂದು ಊರಿನ ನಾಯಕ ಸ್ನೈಡರ್ ಸೆಂಟೆನೊ ಸೇರಿ ನಾಲ್ವರು ಗರಿಫುನಾಗಳನ್ನು ಎತ್ತಿಕೊಂಡು ಹೋದರು. ಅವರು ವಾಪಸು ಬರಲಿಲ್ಲ. ಸತ್ತವರನ್ನು ಇಷ್ಟು ಜೋಪಾನವಾಗಿ ಕಳಿಸಿಕೊಡುವ ಜನರಿಗೆ ದೇಹವೂ ಸಿಗದ ಸಾವು ಎಂಥ ಹೊರೆ ಎಂದು ಯೋಚಿಸಿ.

ಕಡಲಿನದೂ ಇದೇ ಕಥೆ. ಹೊಂಡುರಾಸಿನ ಕಾಯೊಸ್ ಕೊಚಿನೊಸ್ ನಡುಗಡ್ಡೆಗಳು 1993ರಿಂದ ಸಂರಕ್ಷಿತ ಪ್ರದೇಶ. ಹವಳ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆಮಾರುಗಳಿಂದ ಸಣ್ಣ ದೋಣಿಯಲ್ಲಿ ಮೀನು ಹಿಡಿದವರನ್ನು ತಡೆದು, ಪ್ರವಾಸಿಗಳಿಗೆ, ಟಿವಿ ಷೋ ಚಿತ್ರೀಕರಣಕ್ಕೆ ಬಾಗಿಲು ತೆರೆದರೆ ಅಲ್ಲಿನವರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಕಾಡಿನ ಮೇಲಿನ ತಮ್ಮ ಹಕ್ಕುಗಳಿಗಾಗಿ ಅಲೆದ ನಿಮ್ಮ ಸೀಮೆಯ ಸಿದ್ದಿಗಳಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾತು. ಗರಿಫುನಾ ಅರಾವಾಕ್ ಎಂಬ, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ನಿನ ಮೂಲನಿವಾಸಿಗಳ ಭಾಷಾಕುಟುಂಬಕ್ಕೆ ಸೇರಿದ ಭಾಷೆ. ಅದರಲ್ಲಿ ಕರಿಬ್, ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್ ಪದಗಳು ಬೆರೆತಿವೆ. ಎಣಿಕೆಯಲ್ಲಿ ಮೂರರವರೆಗೆ ತಮ್ಮದು, ನಾಲ್ಕರಿಂದ ಫ್ರೆಂಚಿನದು. ಬೆಲೀಜಿನ ಸಂಗೀತಗಾರ ಆ್ಯಂಡಿ ಪಲಾಸಿಯೊ 1980ರಲ್ಲಿ, ಹದಿಹರೆಯದ ಕೊನೆಯಲ್ಲಿ, ಸಾಕ್ಷರತಾ ಕಾರ್ಯಕರ್ತನಾಗಿ ನಿಕರಾಗುವಾಕ್ಕೆ ಹೋಗಿದ್ದ. ಅಲ್ಲಿ ಒರಿನೊಕೊ ಎಂಬ ಗರಿಫುನಾ ಹಳ್ಳಿಯಲ್ಲಿ ಒಬ್ಬ ಮುದುಕರನ್ನು ಗರಿಫುನಾದಲ್ಲಿ ಮಾತಾಡಿಸಿದ. ಇಷ್ಟು ಚಿಕ್ಕ ಹುಡುಗನ ಬಾಯಲ್ಲಿ ತಮ್ಮ ಮಾತು ಬಂದದ್ದನ್ನು ಆ ಮುದುಕರಿಗೆ ನಂಬಲಾಗಲಿಲ್ಲ. ಆ ಊರಿನಲ್ಲಿ ಮಕ್ಕಳು ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾಳೆ ಬೆಲೀಜಿಗೂ ಇದೇ ಗತಿ ಎಂಬ ಭಯ ಪಲಾಸಿಯೊನನ್ನು ಬಿಡಲಿಲ್ಲ. 2008ರಲ್ಲಿ, 47ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಗರಿಫುನಾದಲ್ಲೇ ಹಾಡು ಕಟ್ಟಿ ಜಗತ್ತು ಸುತ್ತಿದ. ಯುನೆಸ್ಕೊ ಇವರ ಭಾಷೆ, ಕುಣಿತ, ಸಂಗೀತವನ್ನು 2001ರಲ್ಲೇ ಮಾನವಕುಲದ ಪರಂಪರೆ ಎಂದು ಸಾರಿತ್ತು. ಅದರಿಂದ ಗೌರವ ಬಂತು, ಮಕ್ಕಳ ಬಾಯಿಗೆ ಮಾತು ಬರಲಿಲ್ಲ. ಬೆಲೀಜಿನ ಮಕ್ಕಳು ಈಗ ಇಂಗ್ಲಿಷ್ ಮೂಲದ ಕ್ರಿಯೋಲ್, ಹೊಂಡುರಾಸಿನ ಮಕ್ಕಳು ಸ್ಪ್ಯಾನಿಷ್ ಆಡುತ್ತಾರೆ. ನನಗೆ ಜಾಸ್ತಿ ಭರವಸೆ ಕಾಣುವುದು ಡಾಂಗ್ರಿಗಾದ ಗುಲಿಸಿ ಪ್ರಾಥಮಿಕ ಶಾಲೆಯಲ್ಲಿ. 2007ರಲ್ಲಿ ಶುರುವಾದ ಆ ಶಾಲೆಯಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಜೊತೆ ಗರಿಫುನಾವನ್ನೂ ಕಲಿಸುತ್ತಾರೆ.

ಆರೋಗ್ಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಅವರೇ ದಾರಿ ತೋರಿಸಿದ್ದಾರೆ. ಹೊಂಡುರಾಸಿನ ಈಶಾನ್ಯ ಕರಾವಳಿಯ ಸಿರಿಬೊಯಾದಲ್ಲಿ 2007ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ಕಟ್ಟಿಸಿದವರು ಕ್ಯೂಬಾದಲ್ಲಿ ಉಚಿತವಾಗಿ ವೈದ್ಯಕೀಯ ಓದಿ ಬಂದ ಲೂಥರ್ ಕಾಸ್ಟಿಯೊ ಮತ್ತು ಅವರ ಗೆಳೆಯರು, ಊರಿನವರ ಕೈಕೆಲಸದಿಂದ. ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಆಸ್ಪತ್ರೆ ದಿನದ ಪ್ರಯಾಣದಷ್ಟು ದೂರ ಇರುವ ಕಡೆ ಇದು ಎಷ್ಟು ಹೆರಿಗೆಗಳನ್ನು ಸುರಕ್ಷಿತ ಮಾಡಿರಬಹುದು, ಯೋಚಿಸಿ.

ನೀವು ಕಳಿಸುವುದರ ಬಗ್ಗೆ. ಬಟ್ಟೆ, ಆಟಿಕೆ, ಪುಸ್ತಕದ ಡಬ್ಬ ಬೇಡ. ಸಾಗಣೆಯ ಖರ್ಚೇ ಜಾಸ್ತಿ, ಅವರು ಅದನ್ನು ಕೇಳಿಯೂ ಇಲ್ಲ. ಬೆಲೀಜಿನಲ್ಲಿ 1981ರಿಂದ ರಾಷ್ಟ್ರೀಯ ಗರಿಫುನಾ ಕೌನ್ಸಿಲ್ ಇದೆ. ಹೊಂಡುರಾಸಿನಲ್ಲಿ ಒಫ್ರಾನೆ ಎಂಬ ಸಂಘಟನೆ ಇದೆ, ಮಿರಿಯಮ್ ಮಿರಾಂಡಾ ಅದರ ಮುಂದಾಳು. ನೆಲದ ಕೇಸುಗಳನ್ನು ನಡೆಸುತ್ತಿರುವವರು ಅವರು. ವಲ್ಲೆಸಿಟೊ ಎಂಬಲ್ಲಿ ಮಾದಕವಸ್ತು ದಂಧೆಯವರ ಹಿಡಿತದಿಂದ ಬಿಡಿಸಿಕೊಂಡ ಜಾಗದಲ್ಲಿ ರೋಗಕ್ಕೆ ನಾಶವಾದ ತೆಂಗನ್ನು ಮತ್ತೆ ನೆಡುತ್ತಿರುವವರೂ ಅವರೇ. ಮೊದಲು ಅವರಿಗೆ ಒಂದು ಪತ್ರ ಬರೆಯಿರಿ. ಏನು ಬೇಕು ಎಂದು ಅವರೇ ಹೇಳಲಿ. ಹಣ ಕಳಿಸುವ ಮಾತು ಬಂದರೆ ವಿದೇಶಕ್ಕೆ ದೇಣಿಗೆ ಕಳಿಸುವ ನಿಯಮಗಳನ್ನು ನಿಮ್ಮ ಧರ್ಮಪ್ರಾಂತ್ಯದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹಣವಿಲ್ಲದೆ ಮಾಡಬಹುದಾದದ್ದೂ ಒಂದಿದೆ. ಟ್ರಿಯುನ್ಫೊದ ಆ ನಾಲ್ವರು ಎಲ್ಲಿ ಎಂದು ಕೇಳಿ ಹೊಂಡುರಾಸ್ ಸರ್ಕಾರಕ್ಕೆ ಜಗತ್ತಿನ ಬೇರೆ ಬೇರೆ ಕಡೆಯಿಂದ ಚರ್ಚುಗಳು, ಸಂಘಗಳು ಪತ್ರ ಬರೆದಿವೆ. ಶಿರಸಿಯ ಯುವಕರ ಕೂಟದಿಂದಲೂ ಒಂದು ಪತ್ರ ಹೋಗಲಿ. ಸ್ಪ್ಯಾನಿಷ್ ಬಾರದಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ. ನಾಲ್ವರ ಹೆಸರನ್ನೂ, 2020ರ ಜುಲೈ 18 ಎಂಬ ತಾರೀಖನ್ನೂ, 2015ರ ತೀರ್ಪನ್ನೂ ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ. ಒಂದು ಪ್ರತಿಯನ್ನು ಒಫ್ರಾನೆಗೂ ಕಳಿಸಿ, ಆ ನಾಲ್ವರ ಮನೆಯವರಿಗೆ ಅವರು ಅದನ್ನು ಮುಟ್ಟಿಸಬಲ್ಲರು.